ವಿನಯವೂ ಕಾಯಿಲೆಯೇ ಎಂದು ನಕ್ಕ ಆರೋಗ್ಯಾಧಿಕಾರಿಗಳಿಗೆ

ಹೌದು ಮಾನ್ಯರೇ, ಕಾಯಿಲೆಯೇ. ನಿನ್ನೆ ನಿಮ್ಮ ಆರೋಗ್ಯ ಕಚೇರಿಯವರು ಫೋನಿನಲ್ಲಿ "ವಿನಯವೂ ಒಂದು ಕಾಯಿಲೆಯೇನ್ರೀ?" ಎಂದು ನಕ್ಕು ಮಾತು ಮುಗಿಸಿದರಲ್ಲ, ಅದಕ್ಕೆ ಉತ್ತರ ಇದು. ನನ್ನ ಅಕ್ಕ ಮುರ್ತಿನಾಳಿಗೆ ಬಂದಿರುವ ವಿನಯ ಕಾಯಿಲೆ. ನೀವು ಅದನ್ನು ಆರೋಗ್ಯವೆಂದು ತೀರ್ಮಾನಿಸಿ ಕೈತೊಳೆದುಕೊಂಡಿದ್ದೀರಿ. ಖಾಸಗಿಯಾಗಿ ಹೇಳಿದರೆ ನಿಮಗೆ ನಗು ಬರುವುದರಿಂದ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ. ಇಂಥ ಪತ್ರವನ್ನು 'ವಿತ್ ಡ್ಯೂ ರೆಸ್ಪೆಕ್ಟ್' ಎಂದು ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಸಲ್ಲಬೇಕಾದಷ್ಟು ಗೌರವ ಎಂದೇನೋ ಅರ್ಥ. ಅಷ್ಟನ್ನು ಮಾತ್ರ ಸಲ್ಲಿಸುತ್ತೇನೆ, ಒಂದು ಚೂರೂ ಹೆಚ್ಚಿಲ್ಲ.

ನಾನಿರುವುದು ಬಾಲಿಕ್‌ಪಾಪನ್‌ನಲ್ಲಿ. ಅಕ್ಕ ಸಮುದ್ರದಾಚೆ, ಜಾವಾದ ಕರಾಂಗ್‌ಸೊನೊ ಹಳ್ಳಿಯಲ್ಲಿ, ನಿಮ್ಮ ಕಚೇರಿಯ ಸುಪರ್ದಿನಲ್ಲಿ. ವಾರಕ್ಕೆರಡು ಸಲ ಆಸ್ಪತ್ರೆಯಲ್ಲಿ ಮಲಗಿ ರಕ್ತ ಶುದ್ಧಮಾಡಿಸಿಕೊಳ್ಳುವ ನಾನು ಹಡಗು ಹತ್ತುವಂತಿಲ್ಲ. ನನಗಿರುವುದು ಫೋನಿನ ಪರದೆಯಲ್ಲಿ ಕಾಣುವ ಅವಳ ಮುಖವೊಂದೇ. ಆದರೆ ಆ ಮುಖವನ್ನು ನಾನು ಅರವತ್ತು ವರ್ಷಗಳಿಂದ ಬಲ್ಲೆ. ನೀವು?

ಅಕ್ಕ ರೈಲ್ವೆ ಗೇಟಿನ ಪಕ್ಕದಲ್ಲಿ ಪೆಚೆಲ್ ಮಾರುತ್ತಿದ್ದವಳು. ಬೇಯಿಸಿದ ಸೊಪ್ಪಿನ ಮೇಲೆ ಅವಳು ಸುರಿಯುತ್ತಿದ್ದ ಶೇಂಗಾ ಚಟ್ನಿಗಿಂತ ಅವಳ ನಾಲಿಗೆ ಖಾರ. ಗೇಟಿನವನಿಂದ ಹಿಡಿದು ಮಸೀದಿಯ ಹಿರಿಯರವರೆಗೆ ಎಲ್ಲರೂ ಅವಳಿಂದ ಬೈಸಿಕೊಂಡೇ ತಿಂದವರು. ನನ್ನ ಹೆಂಡತಿ ತೀರಿಕೊಂಡ ಮೇಲೆ ದಿನಾ ಸಂಜೆ ಫೋನ್ ಮಾಡಿ ನನ್ನನ್ನೂ ಬೈಯುತ್ತಿದ್ದಳು. "ಲೋ ಕತ್ನೊ, ಇನ್ನೂ ಇದೀಯೇನೋ? ಹೆಂಡ್ತಿ ಹೋದ್ಲು ಅಂತ ಮೂರು ಹೊತ್ತೂ ನೂಡಲ್ಸ್ ತಿಂದ್ಕೊಂಡು ಬಿದ್ದಿದೀಯ. ಮುಖ ನೋಡು, ಒಣಗಿದ ಹಲ್ಲಿ ಥರಾ." ಆ ಬೈಗುಳವೇ ನನ್ನ ರಾತ್ರಿಯೂಟಕ್ಕೆ ಉಪ್ಪಾಗಿತ್ತು.

ಹೋದ ಉಪವಾಸದ ತಿಂಗಳು ಕಳೆದ ಮೇಲೆ ಬೈಗುಳ ನಿಂತಿತು. ಒಂದು ಸಂಜೆ ಪರದೆಯ ಮೇಲೆ ಬಂದು, ಕೈಜೋಡಿಸಿ, ಮೆಲ್ಲಗೆ, "ಯಜಮಾನ್ರು ಸೌಖ್ಯವಾ? ನಿಮ್ಮ ಮನೆಯವ್ರಿಗೂ ನಮಸ್ಕಾರ ತಿಳಿಸಿ" ಎಂದಳು. ಯಾವ ಮನೆಯವರು? ಅವರನ್ನು ಮಣ್ಣು ಮಾಡುವಾಗ ನನ್ನ ತೋಳು ಹಿಡಿದು ನಿಂತಿದ್ದವಳು ಇದೇ ಮುರ್ತಿನಾ.

ಊರಿಗೆ ಊರೇ ಹೊಗಳಿತು. ಮುದುಕಿ ಕೊನೆಗೂ ನಯ ಕಲಿತಳು, ಈಗ ನಿಜವಾದ ಜಾವಾ ಹೆಂಗಸಾದಳು ಅಂದರು. ನಮ್ಮ ಜನಕ್ಕೆ ತಗ್ಗಿದ ದನಿ ಕೇಳಿಸಿದರೆ ಸಾಕು, ಅದರ ಹಿಂದೆ ಮನುಷ್ಯ ಇದ್ದಾನೋ ಇಲ್ಲವೋ ಎಂದು ಯಾರೂ ಇಣುಕುವುದಿಲ್ಲ. ಇಣುಕುವುದು ಅಸಭ್ಯ ನೋಡಿ.

ಮುಂದಿನದನ್ನು ಪಕ್ಕದ ಮನೆಯ ಸರ್ಜಿಲಾ ಅಳುತ್ತಾ ಹೇಳಿದಳು. ಒಂದು ಸಂಜೆ ಅವಳು ಅಕ್ಕನ ಅಡುಗೆಮನೆಯಲ್ಲಿ ಕೂತಿದ್ದಾಗ ಅಕ್ಕ ಹಬ್ಬಕ್ಕೆ ಉಡುವ ಬಾಟಿಕ್ ಬಟ್ಟೆ ಉಟ್ಟು ಬಂದು, ತನ್ನದೇ ಮನೆಯಲ್ಲಿ ನಿಂತು ಹೊರಡಲು ಅಪ್ಪಣೆ ಕೇಳಿದಳಂತೆ. "ತುಂಬಾ ಹೊತ್ತಾಯ್ತು ಯಜಮಾನ್ತಿ. ಅಪ್ಪಣೆ ಕೊಡಿ, ನಮ್ಮನೆಗೆ ಹೊರಡ್ತೀನಿ." ನಮ್ಮಲ್ಲಿ ಹೀಗೆ ಅಪ್ಪಣೆ ಕೇಳಿದ ಹಿರಿಯರಿಗೆ ಹೇಳುವ ಮಾತು ಒಂದೇ. ಸರ್ಜಿಲಾ ಅದನ್ನೇ ಹೇಳಿದಳು, "ಹುಷಾರಾಗಿ ಹೋಗಿಬನ್ನಿ." ಎಲ್ಲಿಗೆ ಎಂದು ಕೇಳಿ ಹಿರಿಯಳನ್ನು ನಾಚಿಸುವುದು ಹೇಗೆ? ಅಕ್ಕ ಹೋದಳು. ಸಿಕ್ಕಿದ್ದು ಹಳಿಗಳ ನಡುವೆ. ಸೋಲೋ ಪಟ್ಟಣದ ಕಡೆ ಹೋಗುವ ಗಾಡಿ ಬರುವ ಮುಂಚೆ ಗೇಟಿನವನು ಓಡಿಹೋಗಿ ತೋಳು ಹಿಡಿದೆಳೆದ. ಅವಳು ಅವನಿಗೂ ವಂದಿಸಿದಳಂತೆ.

ಇಷ್ಟಾದ ಮೇಲೆ ನಾನು ತಮ್ಮ ಕಚೇರಿಯ ಕಾಲು ಹಿಡಿದೆ. ತಾವೇನು ಮಾಡಿದಿರಿ? ಫೋನ್ ಮಾಡಿಸಿದಿರಿ. ನಿಮ್ಮವರು "ಹೇಗಿದೀರಾ ಅಜ್ಜಿ?" ಅಂದರು. ಅಕ್ಕ "ದೇವರ ದಯೆ, ಚೆನ್ನಾಗಿದೀನಿ" ಅಂದು, ನಿಮ್ಮವರ ತಾಯಿಯ ಆರೋಗ್ಯ ವಿಚಾರಿಸಿ, ಹರಸಿದಳು. ಮುಗಿಯಿತು ತಪಾಸಣೆ! ಇಷ್ಟು ಸಭ್ಯ ಹೆಂಗಸನ್ನು ನಾವು ನೋಡೇ ಇಲ್ಲ, ನೀವೇ ಮಾನಸಿಕ ವೈದ್ಯರನ್ನು ಕಾಣಿ ಎಂದು ನನಗೇ ಬುದ್ಧಿ ಹೇಳಿದರು. ಹಳಿಯ ಮೇಲೆ ನಿಂತವಳೂ ಸಭ್ಯಳೇ ಮಾನ್ಯರೇ. ರೈಲಿಗೆ ಅದು ಗೊತ್ತಾಗುತ್ತಿತ್ತೇ? ದೇಹದ ತೂಕ ನೋಡುತ್ತೀರಿ, ರಕ್ತದೊತ್ತಡ ನೋಡುತ್ತೀರಿ, ವೃದ್ಧರ ದಿನಾಚರಣೆಯಲ್ಲಿ ಒಂದೇ ಬಣ್ಣದ ಅಂಗಿ ತೊಡಿಸಿ ವ್ಯಾಯಾಮ ಮಾಡಿಸಿ ಫೋಟೋ ತೆಗೆಸಿಕೊಳ್ಳುತ್ತೀರಿ. ಆ ಫೋಟೋದಲ್ಲಿ ಅಕ್ಕನೂ ಇದ್ದಾಳೆ, ಮುಂದಿನ ಸಾಲಿನಲ್ಲಿ, ನಗುತ್ತಾ.

ಹೇಗಿದ್ದೀರಿ ಎಂಬುದು ಪ್ರಶ್ನೆಯೇ ಅಲ್ಲ. ನಮ್ಮಲ್ಲಿ ಸಾಯುವವನೂ ಅದಕ್ಕೆ ಚೆನ್ನಾಗಿದ್ದೇನೆ ಎನ್ನುತ್ತಾನೆ. ಮೊದಲು ಹೇಗಿದ್ದರು ಎಂದು ಕೇಳಿ. ಅದನ್ನು ನಮ್ಮನ್ನು ಕೇಳಿ, ದೂರದಲ್ಲಿ ಪರದೆ ಹಿಡಿದು ಕೂತಿರುವ ತಮ್ಮ ತಂಗಿಯರನ್ನು. ಬಾಯಿಬಡುಕಿ ಮೌನಿಯಾದರೆ, ಜಿಪುಣ ದಾನಿಯಾದರೆ, ಬೈಯುವವಳು ಕೈಮುಗಿದರೆ, ಅದೇ ಜ್ವರ. ಇದಕ್ಕೆ ಯಂತ್ರ ಬೇಡ, ಕಿವಿ ಬೇಕು.

ನನ್ನ ಒತ್ತಾಯ ಇಷ್ಟೇ. ಫೋನ್ ಬೇಡ. ಈ ವಾರವೇ ಒಬ್ಬ ಮನೋವೈದ್ಯರನ್ನು ಕರಾಂಗ್‌ಸೊನೊಗೆ ಕಳಿಸಿ. ಹಗಲಲ್ಲಿ ಟೀ ಕುಡಿದು ಹೊರಟುಬಿಡುವುದಲ್ಲ, ಅಕ್ಕ ಅಪ್ಪಣೆ ಕೇಳುವ ಹೊತ್ತಿನವರೆಗೂ ಆ ಅಡುಗೆಮನೆಯಲ್ಲಿ ಕೂರಲಿ. ಆಮೇಲೆ ಬಂದು, ಇದು ವಿನಯ ಎಂದು ನನ್ನ ಮುಖಕ್ಕೆ ಹೇಳಲಿ.

ಇನ್ನೂ ಬರೆಯುವುದಿತ್ತು. ಆದರೆ ಅಕ್ಷರಗಳು ಮಸುಕಾಗುತ್ತಿವೆ, ಕಿಟಕಿಯಲ್ಲಿ ಬೆಳಕು ಇಳಿಯುತ್ತಿದೆ. ಇಲ್ಲಿ ಕತ್ತಲಾದ ಸ್ವಲ್ಪ ಹೊತ್ತಿಗೆ ಅಲ್ಲೂ ಕತ್ತಲು, ಆಗ ಅವಳು ದಿನದಂತೆ ಹೊರಡಲು ಏಳುತ್ತಾಳೆ. ನಾನು ಫೋನ್ ಮಾಡಿ, ದೊಡ್ಡ ಮನೆಯ ಯಜಮಾನನ ದನಿಯಲ್ಲಿ, ಇಷ್ಟು ಬೇಗ ಯಾಕಮ್ಮಾ, ಇನ್ನೊಂದು ಲೋಟ ಟೀ ಕುಡಿದು ಹೋಗಿ ಎಂದು ಬೇಡಿಕೊಳ್ಳಬೇಕು. ಹಾಗೆ ಅಂದರೆ ಸಂಕೋಚದಿಂದ ಮತ್ತೆ ಕೂರುತ್ತಾಳೆ.

ಇಂತಿ,
ಸ್ವಂತ ಅಕ್ಕನಿಗೆ ಯಾರೋ ಆಗಿ, ಅದರಿಂದಲೇ ಅವಳನ್ನು ಕೂರಿಸಿಟ್ಟಿರುವ
ಸುಕತ್ನೊ, ಬಾಲಿಕ್‌ಪಾಪನ್