ಶನಿವಾರದ ಮೊದಲ ಜಿಗಿತ

ವರ್ಮಾಂಟ್, 17 ಫೆಬ್ರವರಿ 1976

ಸ್ಪರ್ಧೆಯ ಮುಖ್ಯಸ್ಥರಾದ ಪ್ರೌಟಿ ಅವರಿಗೆ,

ಹಿಮದ ದಿಬ್ಬದಿಂದ ಹಾರುವ ಶನಿವಾರದ ಸ್ಕೀಯಿಂಗ್ ಸ್ಪರ್ಧೆಗೆ ನಾನು ಹಾಕಿದ ಅರ್ಜಿ ವಾಪಸು ಬಂದಿದೆ. ಹೆಂಗಸರು ಗಾಳಿಯಲ್ಲಿ ಪಲ್ಟಿ ಹೊಡೆಯುವುದು ಅಪಾಯ ಎಂದು ನೀವು ಅದರ ಮೇಲೆ ಬರೆದಿದ್ದೀರಿ.

ಮೂರು ಚಳಿಗಾಲಗಳಿಂದ ಸ್ಪರ್ಧೆಯ ಬೆಳಿಗ್ಗೆ ನನ್ನನ್ನು ಕರೆಯುವವರೂ ನೀವೇ. "ಕೊರಿನ್, ದಿಬ್ಬ ಹೆಂಗಿದೆ ಒಂದ್ಸಲ ಹಾರಿ ನೋಡಮ್ಮ," ಅನ್ನುತ್ತೀರಿ. ನಾನು ಹಾರಿ, ಹಿಂದಕ್ಕೆ ಪಲ್ಟಿ ಹೊಡೆದು, ನೆಟ್ಟಗೆ ಇಳಿಯುತ್ತೇನೆ. ಆಗ ನೀವು ಗಂಡಸರ ಕಡೆ ತಿರುಗಿ, "ಅವಳೇ ಇಳಿದ್ಲಲ್ಲ, ಇನ್ನೇನು ಭಯ, ಹೋಗ್ರೋ," ಅನ್ನುತ್ತೀರಿ. ಹೋದ ವರ್ಷ ದಿಬ್ಬ ತೀರಾ ಕಡಿದಾಗಿದೆ ಎಂದು ನಾನು ಹೇಳಿದಾಗ ಮರುಮಾತಿಲ್ಲದೆ ಕೆತ್ತಿಸಿ ತಗ್ಗಿಸಿದಿರಿ. ನನ್ನ ಮಾತಿನ ಮೇಲೆ ನಿಮಗಿರುವ ಆ ನಂಬಿಕೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಾರುವುದನ್ನು ಮೊದಲ ಸಲ ನೋಡಲು ಅಮ್ಮ ಕ್ವಿಬೆಕ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದಾಳೆ. "ಎಲ್ಲರೂ ಟೋಪಿ ಕನ್ನಡಕ ಹಾಕ್ಕೊಂಡಿರ್ತೀರ, ನಿನ್ನ ಗುರುತು ಹಿಡಿಯೋದು ಹೆಂಗೆ? ನಿನ್ನ ಎದೆ ಮೇಲಿನ ನಂಬರ್ ಎಷ್ಟೇ?" ಎಂದು ಫೋನಿನಲ್ಲಿ ಕೇಳಿದಳು. ಗುರುವಾರ ಹೇಳುತ್ತೇನೆ ಎಂದಿದ್ದೇನೆ.

ಶನಿವಾರ ಬೆಳಿಗ್ಗೆ ಎಂದಿನಂತೆ ಏಳು ಗಂಟೆಗೆ ಸಲಿಕೆ ಹಿಡಿದು ಬಂದು, ಇಳಿಯುವ ಜಾಗದ ಹಿಮ ಕೆದಕಿ ಮೆತ್ತಗೆ ಮಾಡಿಕೊಡುತ್ತೇನೆ. ಮೊದಲು ಹಾರಲೂ ತಯಾರು, ಆದರೆ ಎದೆಯ ಮೇಲೆ ಸ್ಪರ್ಧಿಯ ನಂಬರ್ ಇದ್ದರೆ ಮಾತ್ರ. ಇಲ್ಲದಿದ್ದರೆ ದಿಬ್ಬ ಹೇಗಿದೆಯೆಂದು ಈ ಸಲ ಗಂಡಸರೇ ಹಾರಿ ನೋಡಿಕೊಳ್ಳಲಿ.

ನಂಬರನ್ನು ಈ ಪತ್ರದ ಹಿಂಬದಿಯಲ್ಲೇ ಬರೆದು, ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ನಡೆಸುವ ಓರಿನ್ ಕೈಯಲ್ಲಿ ಕೊಟ್ಟರೆ ಸಾಕು. ಅದನ್ನೇ ಎದೆಗೆ ಚುಚ್ಚಿಕೊಳ್ಳಲು ಪಿನ್ನುಗಳು ನನ್ನ ಬಳಿ ಇವೆ.

ನಿಮ್ಮ ದಿಬ್ಬವನ್ನು ಚೆನ್ನಾಗಿ ಬಲ್ಲ,
ಕೊರಿನ್ ಥಿಬೊಡೋ