ಗಾಜು ತೊಳೆದ ಕೈ

ಗಾಜು ತೊಳೆಯುವ ಕೋಣೆ, ಮೂರನೇ ಮಹಡಿ
ಸೋಮವಾರ, ಮಾರ್ಚ್ ೯

ಪ್ರೀತಿಯ ಅತ್ತೆಯವರಿಗೆ,

ಈ ಸಂಶೋಧನಾಲಯ ನಿಮಗೆ ಕೊಡುತ್ತೇನೆ ಎಂದದ್ದು: ಖಾಯಂ ಕೆಲಸ, ಬಿಸಿನೀರಿನ ನಲ್ಲಿ, ರಬ್ಬರಿನ ಕೈಗವಸು, ಕೂರಲು ಒಂದು ಸ್ಟೂಲು. ಹತ್ತೊಂಬತ್ತು ವರ್ಷದಲ್ಲಿ ಕೊಟ್ಟದ್ದು: ಸ್ಟೂಲು. ಅದಕ್ಕೂ ಒಂದು ಕಾಲು ಕುಂಟು. ಕೇಳದೆಯೇ ಕೊಟ್ಟದ್ದು: ‘ನಾಳೆಯಿಂದ ಬರುವುದು ಬೇಡ’ ಎಂಬ ಒಂದು ಸಾಲಿನ ಕಾಗದ.

ಆರೋಗ್ಯ ಹೇಗಿದೆ? ಬೆರಳ ಸಂದಿನ ಬಿರುಕು ಮಾಗಿತೇ? ಮಗಳ ಮನೆಯಲ್ಲೂ ಪಾತ್ರೆ ಮುಟ್ಟಲು ಹಿಂಜರಿಯುತ್ತೀರಂತೆ. ‘ನನ್ನ ಕೈ ಕೊಳಕಂತೆ, ಬೇಡ ಬಿಡೇ’ ಅಂದಿರಂತೆ. ನಾದಿನಿ ಫೋನಿನಲ್ಲಿ ಹೇಳಿದಳು. ಇಲ್ಲಿ ಅಡುಗೆ ನಿಮ್ಮ ಮಗನದ್ದು. ಉಪ್ಪು ಮರೆತ ದಿನ ಉಣ್ಣುವಂತಿರುತ್ತದೆ.

ಮದುವೆಯಾದ ಹೊಸದರಲ್ಲಿ, ಇದೇ ಸಂಶೋಧನಾಲಯದಲ್ಲಿ ನನ್ನ ಕೆಲಸ ಏನೆಂದು ಕೇಳಿದ್ದಿರಿ. ಜೀವಕೋಶದೊಳಗೆ ಆರ್‌ಎನ್‌ಎ ಎಂಬ ಓಲೆ ಬರುತ್ತದೆ, ರೈಬೋಸೋಮು ಅದನ್ನು ಓದುತ್ತಾ ಅಮೈನೋ ಆಮ್ಲಗಳನ್ನು ಮಣಿಯಂತೆ ಪೋಣಿಸಿ ಪ್ರೋಟೀನು ಕಟ್ಟುತ್ತದೆ ಎಂದೆ. ‘ಓಲೆ ಹರಿದ್ರೆ ಕೆಲಸ ಕೆಡ್ತು ಅನ್ನು’ ಅಂದಿರಿ. ನನಗೆ ಅಷ್ಟು ಕಲಿಯಲು ಐದು ವರ್ಷ ಹಿಡಿದಿತ್ತು. ಆ ಓಲೆ ಹರಿಯುವ ಕಿಣ್ವ ಮನುಷ್ಯರ ಚರ್ಮದ ಮೇಲಿದೆ, ಬೆವರಲ್ಲಿದೆ; ಕುದಿಸಿದರೂ ಸಾಯದ ಜಗಮೊಂಡ. ನಿಮ್ಮ ಕೈಯಲ್ಲೂ ಇದೆ, ನಿರ್ದೇಶಕರ ಕೈಯಲ್ಲೂ ಇದೆ. ಚರ್ಮಕ್ಕೆ ಹುದ್ದೆ ಗೊತ್ತಿಲ್ಲ. ಅದಕ್ಕೇ ನೀವು ತೊಳೆದ ಬಾಟಲಿಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಎಂಟು ಗಂಟೆ ಓವನ್ನಿನಲ್ಲಿ ಸುಡುತ್ತಿದ್ದದ್ದು.

ಮೂರು ತಿಂಗಳು ನಮ್ಮ ಟ್ಯೂಬುಗಳಲ್ಲಿ ಪ್ರೋಟೀನು ಹುಟ್ಟಲಿಲ್ಲ. ಆರ್‌ಎನ್‌ಎ ಚೂರುಚೂರು. ನಿರ್ದೇಶಕರು ಎಲ್ಲರ ಮುಂದೆ ‘ತೊಳೆಯೋರ ಕೈಯೇ ಸರಿ ಇಲ್ಲ’ ಅಂದುಬಿಟ್ಟರು. ಪರೀಕ್ಷೆ ಮಾಡಿದರೇ? ವಿಜ್ಞಾನಿಗಳಂತೆ! ಇಲ್ಲಿ ಸಂಶಯ ಮೋರಿ ನೀರಿನ ಹಾಗೆ, ಕೆಳಗಡೆಗೇ ಹರಿಯುತ್ತದೆ. ನಾನೂ ಅಲ್ಲೇ ನಿಂತಿದ್ದೆ.

ನಿಮ್ಮ ಕಡೆಯ ಸರದಿಯ ಹನ್ನೆರಡು ಬಾಟಲಿ ಹಾಳೆ ಬಿಚ್ಚದೆ ಕಪಾಟಿನಲ್ಲಿದ್ದವು. ಒಂದೊಂದರಲ್ಲೂ ಆರ್‌ಎನ್‌ಎ ಇಟ್ಟು, ಓಲೆ ಹರಿದಿದೆಯೇ ಎಂದು ಲೋಳೆಯಂಥ ಜೆಲ್ ಮೇಲೆ ಓಡಿಸಿ ನೋಡಿದೆ. ಹನ್ನೆರಡರಲ್ಲೂ ಅಖಂಡ, ಕಾಡಿಗೆ ಎಳೆದಂಥ ಎರಡು ಗೆರೆ. ಕೊಳೆ ಬೇರೆ ಕೈಯದು. ಫಲಿತಾಂಶ ಹಿಡಿದು ಹೋದರೆ ನಿರ್ದೇಶಕರು ‘ಆಯ್ತಮ್ಮ, ಯಂತ್ರ ಹಳೇದು ಅಂತ ಬರೆದು ಮುಗಿಸೋಣ. ನಿಮ್ಮತ್ತೇನ ಸದ್ದಿಲ್ದೆ ವಾಪಸ್ ಕರ್ಸ್ಕೊಳ್ಳೋಣ’ ಅಂದರು. ಸದ್ದಿಲ್ಲದೆ! ಮುಂಬಾಗಿಲಿಂದ ಕೊಳಕಿ ಎಂದು ದಬ್ಬಿ, ಹಿಂಬಾಗಿಲಿಂದ ಕರೆಯುವುದಕ್ಕೆ ದಯೆ ಎಂದು ಹೆಸರು. ಆ ದಯೆಯನ್ನು ಅವರೇ ಇಟ್ಟುಕೊಳ್ಳಲಿ. ಎಲ್ಲರ ಮುಂದೆ ಉಗುಳಿದ ಮಾತನ್ನು ಎಲ್ಲರ ಮುಂದೆಯೇ ನುಂಗಬೇಕು. ಖಾಯಂ ಆದೇಶ ಕೈಗೆ ಬರಬೇಕು. ನಮ್ಮ ಕೆಲಸಗಾರರ ಸಂಘ ಪಟ್ಟು ಹಿಡಿದು ಸಭೆ ಕರೆಸಿದೆ.

ನಾದಿನಿಗೆ ನೆನಪು ತಿಳಿಸಿ, ಅವಳ ಮಕ್ಕಳ ಕೆನ್ನೆ ಹಿಂಡಿ. ಕೈಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ಕಾಲಿಗೆ ಬೀಳುವ,
ಸೊಸೆ

ಮರೆತದ್ದಲ್ಲ, ಬರೆಯಲು ಹೆದರಿದ್ದು: ಬೇರೆ ಕೈ ಅಂದೆನಲ್ಲ, ಅದು ನನ್ನದು. ಕೈಗವಸು ತೊಟ್ಟೇ ಜಾರಿದ ಕನ್ನಡಕವನ್ನು ಮೇಲಕ್ಕೆ ತಳ್ಳುತ್ತೇನೆ, ಮೂಗಿನ ಬೆವರು ಮೆತ್ತಿದ ಅದೇ ಬೆರಳಲ್ಲಿ ಟ್ಯೂಬಿನ ಮುಚ್ಚಳ ಒತ್ತುತ್ತೇನೆ. ಆ ಬೆರಳನ್ನೂ ಪರೀಕ್ಷೆ ಮಾಡಿದೆ. ಜೆಲ್ ಮೇಲೆ ಗೆರೆಯೇ ಇಲ್ಲ, ಬರೀ ಮಸಿ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತ ಗಾದೆ. ಇಲ್ಲಿ ಸೊಸೆ ಒಡೆದದ್ದನ್ನು ಅತ್ತೆಯ ತಲೆಗೆ ಕಟ್ಟಿದರು, ಸೊಸೆ ನೋಡುತ್ತಾ ನಿಂತಳು. ಸಭೆಯಲ್ಲಿ ನಾನೇ ಎದ್ದು ಹೇಳುತ್ತೇನೆ. ನನ್ನ ಕೆಲಸ ಹೋದರೆ ಹೋಗಲಿ. ಬೈಯುವುದಿದ್ದರೆ ಅಲ್ಲೇ ಬೈಯಿರಿ, ಆದರೆ ಬನ್ನಿ. ಹಿಂದೆ ಗೋಡೆಗೊರಗಿ ನಿಲ್ಲಬೇಡಿ, ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿ. ಮೊದಲ ಮಹಡಿಯ ಸಭಾಂಗಣ, ಗುರುವಾರ, ಬೆಳಗ್ಗೆ ಹತ್ತೂವರೆ.