ನಮ್ಮೂರ ಬಸ್ಸಿಗೆ ಆರತಿ

ಚಿಕ್ಕಬೇಲದಹಳ್ಳಿ, ರಾಜಾನುಕುಂಟೆ
೮ ಡಿಸೆಂಬರ್ ೨೦೨೪

ಮುದ್ದಿನ ಮಗಳು ಮಾಲಾಳಿಗೆ,

ಹೇಗಿದ್ದೀಯಮ್ಮಾ? ಕಾಲಿನ ಊತ ಇಳಿಯಿತೆ? ಕೂಸು ಒದೆಯುತ್ತಿದೆಯೆ? ಬರೀ ಉಪ್ಪಿನಕಾಯಿ ನೆಕ್ಕಿಕೊಂಡು ಕೂರಬೇಡ, ಸೊಪ್ಪು ತಿನ್ನು. ಅಳಿಯಂದಿರು ಭೀಮರಾಜ್ ಅವರ ಕೆಮ್ಮು ಹೇಗಿದೆ? ಇಲ್ಲಿ ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಅತ್ತೆಯವರು ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾಗದ.

ಸೀಮಂತದ ದಿನ ಅವರು "ಬಸ್ಸೇ ಇಲ್ದಿರೋ ಊರಿಗೆ ತುಂಬಿದ ಬಸುರೀನ ಹೆಂಗ್ರೀ ಕಳಿಸೋದು?" ಅಂದದ್ದು ನನಗೆ ಚುಚ್ಚಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನನ್ನ ಆಸೆ. ದಾರಿಯಲ್ಲಿ ಆಗಿಬಿಟ್ಟರೆ ಎಂಬುದು ಅವರ ಭಯ. ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ ಹಾಗೆ ನಮ್ಮೂರಿಗೆ ಬಸ್ಸು ಬಂತು ಮಾಲಾ! ಆದರೆ ಕಾಯಂ ಅಲ್ಲ. ಮೂವತ್ತು ಮನೆಯ ಊರು, ಜನ ಹತ್ತಿದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು ಬಸ್ಸಿನವರು.

ಅಂದಿನಿಂದ ಊರಿನ ಹೆಂಗಸರಿಗೆಲ್ಲ ಇಲ್ಲದ ಕೆಲಸವೆಲ್ಲ ಯಲಹಂಕದಲ್ಲಿ ಹುಟ್ಟಿಕೊಂಡಿತು. ಒಂದು ಕಟ್ಟು ಕೊತ್ತಂಬರಿಗೂ ಬಸ್ಸು. ನಾನಂತೂ ಸುಮ್ಮನೆ ಹೋಗಿ ಸುಮ್ಮನೆ ಬರುತ್ತೇನೆ. ಕಿಟಕಿ ಪಕ್ಕ ಕೂತರೆ ಕೊಯ್ದ ರಾಗಿ ಹೊಲ, ಅವರೆ ಸೊಗಡು, ಆಮೇಲೆ ಮನೆಗಳಿಲ್ಲದೆ ಬರೀ ದೀಪದ ಕಂಬ ನಿಂತಿರುವ ಹೊಸ ಲೇಔಟು, ಎಲ್ಲ ಮಂಜಿನಲ್ಲಿ ತೇಲಿ ಹೋಗುತ್ತವೆ. ಕಣ್ಣು ಎಳೆಯುತ್ತದೆ. ಆಗ ಊರು ಬಿಟ್ಟವರೆಲ್ಲ ಒಬ್ಬೊಬ್ಬರಾಗಿ ಬಸ್ಸು ಹತ್ತುತ್ತಾರೆ ಕಣೇ. ಅಟ್ಟೂರಿಗೆ ಹೋಗಿ ನೆಲೆಸಿದ ಕೆಳಗಿನ ಬೀದಿಯವರು, ಮದುವೆಯಾಗಿ ಹೋದ ನಿನ್ನ ಗೆಳತಿಯರು, ಕಡೆಗೆ ತೀರಿಹೋದ ನಿನ್ನಜ್ಜಿಯೂ ಎಲೆಅಡಿಕೆ ಚೀಲ ಹಿಡಿದು. ನೀನು ನನ್ನ ಪಕ್ಕ, ಮಡಿಲಲ್ಲಿ ಕೂಸು. ಕಾಲಿಡಲು ಜಾಗವಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಗಜಾಲಾ "ಅಮ್ಮಾ, ಏಳಿ, ಯಲಹಂಕ ಬಂತು. ಇವತ್ತೂ ನಿದ್ದೆ ಮಾಡಕ್ಕೇ ಬಂದ್ರಾ?" ಎಂದು ಭುಜ ಅಲುಗಿಸುತ್ತಾಳೆ. ಕಣ್ಣು ಬಿಟ್ಟರೆ ಪಕ್ಕದ ಸೀಟು ಖಾಲಿ. ಒಳ್ಳೆಯ ಹುಡುಗಿ, ಬೈಯುವುದಿಲ್ಲ.

ಮೊನ್ನೆ ಗುರುವಾರ, ಜನ ಹತ್ತುತ್ತಾರೋ ಇಲ್ಲವೋ ನೋಡಲು ಬಸ್ಸಿನ ಆಫೀಸಿನಿಂದ ಒಬ್ಬ ಸಾಹೇಬರು ಬಂದರು. ಊರಿಗೆ ಬಂದವರನ್ನು ಹಾಗೇ ಕಳಿಸುವುದುಂಟೆ? ಹಿರಿಯರಾದ ನರಸಯ್ಯ ಮಾವ "ಬಸ್ಸು ಅಂದ್ರೆ ಮನೆಗ್ ಬಂದ ಲಕ್ಷ್ಮಿ ಇದ್ದಂಗೆ, ಆರತಿ ಎತ್ರವ್ವ" ಎಂದರು. ಬಸ್ಸಿಗೆ ಹೂವಿನ ಹಾರ ಹಾಕಿ, ಸಾಹೇಬರಿಗೆ ಎಳನೀರು ಕೊಟ್ಟೆವು. ತಟ್ಟೆ ಹಿಡಿದವಳು ನಾನೇ, ನಿನ್ನನ್ನು ನೆನೆದುಕೊಂಡೇ ಬೆಳಗಿದೆ. ಗಜಾಲಾ ಬಾಗಿಲಲ್ಲಿ ನಿಂತು "ಹತ್ಕೊಳ್ರೀ, ಟೈಮಾಯ್ತು" ಎಂದು ಕೂಗಿದಳು. ಆದರೆ ಸಾಹೇಬರು ಕೂತಿರುವಾಗ ನುಗ್ಗುವುದು ಮರ್ಯಾದೆಯೆ? ಊರಿಗೆ ಊರೇ ಕೆಳಗೆ ಕೈಮುಗಿದು ನಿಂತಿತು. ಬಸ್ಸು ಅವರೊಬ್ಬರನ್ನೇ ಕೂರಿಸಿಕೊಂಡು ಹೋಯಿತು. ಧೂಳು ಇಳಿದ ಮೇಲೆ ಮಾವ "ಅಯ್ಯೋ, ನಾವ್ಯಾರೂ ಬಸ್ ಅತ್ತಲೇ ಇಲ್ವಲ್ರವ್ವ!" ಅಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮನೆಗೆ ಬಂದು ನಾನು ಅತ್ತುಬಿಟ್ಟೆ.

ಅಳಿಯಂದಿರಿಗೆ ಆಶೀರ್ವಾದ, ನಿನ್ನ ಅತ್ತೆಯವರಿಗೆ ನಮಸ್ಕಾರ. ಊರಮ್ಮ ನಿನ್ನ ಒಡಲು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಮುನಿರತ್ನಮ್ಮ

ಮರೆತೆ ನೋಡು: ಬರುವ ಶನಿವಾರದಿಂದ ಬಸ್ಸು ಇಲ್ಲವಂತೆ, ಗಜಾಲಾ ಹೇಳಿದಳು. ನೀನು ಹೊರಡಬೇಡ. ಶುಕ್ರವಾರದ ಬಸ್ಸಿಗೆ ನಾನೇ ಬರುತ್ತೇನೆ. ಮೊಮ್ಮಗು ಹುಟ್ಟುವವರೆಗೆ ಮಗಳ ಮನೆಯಲ್ಲಿ ತಾಯಿ ಉಣ್ಣಬಾರದೆಂಬ ಶಾಸ್ತ್ರ ನನಗೂ ಗೊತ್ತು. ರಾಗಿಹಿಟ್ಟು, ಅವರೆಕಾಳು ನನ್ನದೇ ತರುತ್ತೇನೆ, ಬೇರೆ ಪಾತ್ರೆಯಲ್ಲಿ ನಾನೇ ಬೇಯಿಸಿಕೊಳ್ಳುತ್ತೇನೆ. ನಿಮ್ಮಪ್ಪ ಒಪ್ಪಿಲ್ಲ, ಒಪ್ಪುತ್ತಾರೆ. ಯಲಹಂಕದಿಂದ ಜಾಲಹಳ್ಳಿ ಕ್ರಾಸು, ಅಲ್ಲಿಂದ ನಿಮ್ಮ ಬಾಗಲಗುಂಟೆ, ದಾರಿ ಕೇಳಿಟ್ಟುಕೊಂಡಿದ್ದೇನೆ; ಬಸ್ಸಿನಲ್ಲಿ ಒಬ್ಬಳೇ ಓಡಾಡುವ ಧೈರ್ಯವೂ ಈಗ ಬಂದಿದೆ. ತವರಿಗೆ ಬಸ್ಸಿಲ್ಲದಿದ್ದರೆ ತವರೇ ಬಸ್ಸು ಹತ್ತಿ ಬರುತ್ತದೆ ಎಂದು ನಿನ್ನ ಅತ್ತೆಯವರಿಗೆ ಹೇಳು.